ಮಾರ್ಸೇಯಲ್ಲಿ ಸಣ್ಣ ಸ್ಟೂಡಿಯೋ ತಗೊಳ್ಳೋದು ಹೇಗೆ: ರೂಮ್ ಆಮೇಲೆ, ಮೊದ್ಲು ಬಿಲ್ಡಿಂಗ್ ನೋಡಿ

ದಕ್ಷಿಣ ಫ್ರಾನ್ಸಿನ ಮಾರ್ಸೇಯಲ್ಲಿ ಒಂದು ಸ್ಟೂಡಿಯೋ, ಅಂದ್ರೆ ಒಂದೇ ರೂಮಿನ ಫ್ಲ್ಯಾಟ್, ತಗೊಂಡ್ರೆ ಹೇಗೆ ಅಂತ ಕೇಳೋರು ಈಚೆಗೆ ಜಾಸ್ತಿ ಆಗಿದಾರೆ. ಕದರಾಶ್‌ನ ಈಟರ್ (ITER) ಅನ್ನೋ ನ್ಯೂಕ್ಲಿಯರ್ ಫ್ಯೂಷನ್ ಪ್ರಾಜೆಕ್ಟಲ್ಲಿ ಇಂಡಿಯಾನೂ ಪಾಲುದಾರ ಆಗಿರೋದ್ರಿಂದ ಈ ಕಡೆ ನಮ್ಮೋರು ಒಂದಷ್ಟು ಜನ ಇದೀವಿ, ಇರೋದು ಎಕ್ಸ್ (Aix) ಅಥವಾ ಮನೋಸ್ಕ್ ಊರಲ್ಲಿ, ಎಕ್ಸ್ ಊರಿನ ಮನೆ ರೇಟ್ ಕೇಳಿ ತಲೆ ತಿರುಗಿದ್ಮೇಲೆ ಕಣ್ಣು ಹೋಗೋದು ಮಾರ್ಸೇ ಕಡೆ. ಮಗ ಅಥವಾ ಮಗಳು ಎಕ್ಸ್-ಮಾರ್ಸೇ ಯೂನಿವರ್ಸಿಟಿಗೆ ಸೇರ್ಕೊಂಡ ತಕ್ಷಣ ಬಾಡಿಗೆ ಯಾಕೆ ಕಟ್ಟೋದು, ಒಂದು ಗೂಡು ತಗೊಂಡುಬಿಡೋಣ ಅನ್ನೋರೂ ಇದಾರೆ. ಫಾರಿನರ್ಸ್ ಪ್ರಾಪರ್ಟಿ ತಗೊಳ್ಳೋಕೆ ಫ್ರಾನ್ಸಲ್ಲಿ ಯಾವ ಅಡ್ಡಿನೂ ಇಲ್ಲ. ಆದ್ರೆ ಪ್ರಾಪರ್ಟಿ ತಗೊಂಡ್ರೆ ವೀಸಾ ಸಿಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಆ ಸ್ಕೀಮ್ ಗ್ರೀಸಲ್ಲಿದೆ, ಸ್ಪೇನಲ್ಲಿ ಇತ್ತು 2025ರ ಏಪ್ರಿಲಲ್ಲಿ ನಿಲ್ಲಿಸಿದ್ರು, ಫ್ರಾನ್ಸಲ್ಲಿ ಮನೆ ತಗೊಂಡಿದ್ದಕ್ಕೆ ಅಂತ ರೆಸಿಡೆನ್ಸಿ ಕೊಡಲ್ಲ.

ಇಲ್ಲಿ ನೀವು ತಗೊಳ್ತಿರೋದು ಇಪ್ಪತ್ತು ಚದರ ಮೀಟರ್ ರೂಮು ಅಂತ ಅನ್ಸತ್ತೆ, ಆದ್ರೆ ನಿಜವಾಗ್ಲೂ ತಗೊಳ್ತಿರೋದು ನೂರೈವತ್ತು ವರ್ಷದ ಒಂದು ಬಿಲ್ಡಿಂಗಿನ ಛಾವಣಿ, ಮೆಟ್ಟಿಲು, ಪೈಪು, ಸಾಲ ಎಲ್ಲದರಲ್ಲೂ ಒಂದು ಪಾಲು. ಒಳಗಡೆ ಹೊಸ ಪೇಂಟ್, ಹೊಸ ಕಿಚನ್, ಐಕಿಯಾ ಸೋಫಾ ಎಲ್ಲ ಹಾಕಿ ಫೋಟೋ ಚೆನ್ನಾಗಿ ತೆಗ್ದಿರ್ತಾರೆ, ಅದನ್ನ ನೋಡೋಕೆ ಐದು ನಿಮಿಷ ಸಾಕು. ಉಳಿದ ಟೈಮೆಲ್ಲ ಕಾಮನ್ ಮೆಟ್ಟಿಲಲ್ಲಿ ಕಳೀರಿ.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, 2018ರ ನವೆಂಬರ್ 5ರ ಬೆಳಿಗ್ಗೆ ನೋಆಯ್ ಏರಿಯಾದ ರ‍್ಯೂ ದೊಬಾಞ್ ರಸ್ತೇಲಿ 63 ಮತ್ತು 65ನೇ ನಂಬರ್ ಬಿಲ್ಡಿಂಗ್ ಕುಸಿದು ಬಿದ್ವು, ಎಂಟು ಜನ ಸತ್ರು. ಇದು ಹಳೇ ಬಂದರಿಂದ ನಡ್ಕೊಂಡು ಹೋಗೋ ದೂರ. ಅದಾದ್ಮೇಲೆ ಸಿಟಿ ಪೂರ್ತಿ ಸಾವಿರಾರು ಜನರನ್ನ ಅಪಾಯದ ಮನೆಗಳಿಂದ ಖಾಲಿ ಮಾಡ್ಸಿದ್ರು. 2024ರ ಕೊನೇಲಿ ಕೋರ್ಟಲ್ಲಿ ವಿಚಾರಣೆ ನಡೀತು, ಆರೋಪಿಗಳ ಸಾಲಲ್ಲಿ ಆ ಬಿಲ್ಡಿಂಗಿನ ಫ್ಲ್ಯಾಟ್ ಓನರ್‌ಗಳೂ ಇದ್ರು. ಅಂದ್ರೆ "ನಂದು ಒಂದೇ ರೂಮು, ಬಿಲ್ಡಿಂಗ್ ವಿಷ್ಯ ನಂಗೆ ಗೊತ್ತಿಲ್ಲ" ಅಂತ ಹೇಳಿ ಜಾರ್ಕೊಳ್ಳೋಕೆ ಇಲ್ಲಿ ಆಗಲ್ಲ.

ಏರಿಯಾ ವಿಷ್ಯ

ಸಿಟೀನ 16 ಅರೋಂದಿಸ್ಮಾಂ ಆಗಿ ಭಾಗ ಮಾಡಿದಾರೆ, ನಮ್ಮ ವಾರ್ಡ್ ಥರ, ಆದ್ರೆ ನಂಬರ್ ನೋಡಿ ನಿರ್ಧಾರ ಮಾಡೋಕಾಗಲ್ಲ, ಒಂದೇ ನಂಬರಲ್ಲಿ ಒಂದು ರಸ್ತೆ ಚೆನ್ನಾಗಿರತ್ತೆ ಪಕ್ಕದ್ದು ಇರಲ್ಲ. ಮಕ್ಕಳ ಓದಿಗೆ ಅಥವಾ ಸ್ಟೂಡೆಂಟ್ಸ್‌ಗೆ ಬಾಡಿಗೆ ಕೊಡೋಕೆ ಅಂತಾದ್ರೆ 5ನೇದು, ಅಂದ್ರೆ ಬಾಯ್, ತಿಮೋನ್ ಕಡೆ, ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜು, ಮೆಟ್ರೋ ಎಲ್ಲ ಅಲ್ಲೇ ಇದೆ, ವರ್ಷಪೂರ್ತಿ ಬಾಡಿಗೆಗೆ ಜನ ಸಿಗ್ತಾರೆ. ಸ್ಯಾಂಕ್ ಅವೆನ್ಯೂ, ಕಾಮಾ ಕಡೆನೂ ಚೆನ್ನಾಗಿದೆ. ಕೂರ್ ಜೂಲಿಯಾಂ, ಲಾ ಪ್ಲೇನ್ ವಯಸ್ಸಿನೋರಿಗೆ ಇಷ್ಟ, ಗೋಡೆ ತುಂಬಾ ಗ್ರಾಫಿಟಿ, ಬಾರು, ಮ್ಯೂಸಿಕ್ಕು, ನಿದ್ದೆ ಬೇಕು ಅನ್ನೋರು ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಹೋಗಿ ಆ ಕಿಟಕಿ ಕೆಳಗೆ ನಿಂತು ನೋಡಿ. ಪಾನಿಯೇ ಹಳೇ ಊರು, ಟೂರಿಸ್ಟ್ ಜಾಸ್ತಿ. ಜೋಲಿಯೆತ್ ಕಡೆ ಹಳೇ ಹಡಗುಕಟ್ಟೆ ಪಕ್ಕ ಹೊಸ ಆಫೀಸು ಬಿಲ್ಡಿಂಗ್‌ಗಳು ಬಂದಿವೆ. 7ನೇದು, 8ನೇದು ಸಮುದ್ರದ ಪಕ್ಕ, ರೇಟೂ ಹಾಗೇ. ಬೆಲ್‌ಸ್ಯೂನ್ಸ್, ನೋಆಯ್, ಬೆಲ್ ದ ಮೇ ಕಡೆ ಕಡಿಮೆಗೆ ಸಿಗತ್ತೆ, ಮಾರ್ಕೆಟ್ಟು, ಮಸಾಲೆ, ಕೊತ್ತಂಬರಿ ಸೊಪ್ಪು ಎಲ್ಲ ನೋಆಯಲ್ಲೇ ಸಿಗೋದು, ನಂಗಂತೂ ಆ ಏರಿಯಾ ಬಹಳ ಇಷ್ಟ, ಆದ್ರೆ ಬಿಲ್ಡಿಂಗ್ ಸರಿಯಾಗಿ ನೋಡ್ದೆ ಅಲ್ಲಿ ದುಡ್ಡು ಹಾಕ್ಬೇಡಿ. ನೋಆಯಲ್ಲಿ ಬಾಡಿಗೆ ಕೊಡೋ ಮುಂಚೆ ಪರ್ಮಿಷನ್ನೂ ಬೇಕು, ಪೆರ್ಮಿ ದ ಲುಯೇ ಅಂತ.

ರೇಟ್ ವಿಷಯಕ್ಕೆ ಬ್ರೋಕರ್ ಮಾತು ಕೇಳೋ ಅವಶ್ಯಕತೇನೇ ಇಲ್ಲ. ಸರ್ಕಾರದ ಡಿವಿಎಫ್ ಅಂತ ಒಂದು ಫ್ರೀ ಮ್ಯಾಪ್ ಇದೆ, ಕಳೆದ ಐದು ವರ್ಷದಲ್ಲಿ ಆ ರಸ್ತೇಲಿ ಯಾವ ನಂಬರಿನ ಮನೆ ಎಷ್ಟಕ್ಕೆ ರಿಜಿಸ್ಟರ್ ಆಗಿದೆ ಅಂತ ಪೂರ್ತಿ ತೋರಿಸತ್ತೆ. ಇಲ್ಲಿ ಬ್ಲ್ಯಾಕ್, ವೈಟ್ ಅನ್ನೋ ವ್ಯವಹಾರ ಇಲ್ದೆ ಇರೋದ್ರಿಂದ ಆ ನಂಬರ್ ನಂಬಬಹುದು. ಸ್ಟೂಡಿಯೋಗೆ ಚದರ ಮೀಟರ್ ರೇಟು ದೊಡ್ಡ ಮನೆಗಿಂತ ಜಾಸ್ತಿನೇ ಇರತ್ತೆ, ಅದಕ್ಕೆ ಸ್ಟೂಡಿಯೋ ಜೊತೆ ಸ್ಟೂಡಿಯೋನೇ ಹೋಲ್ಸಿ. ಮನೆ ಹುಡುಕೋಕೆ ಲ್ಬೋಂಕ್ವಾಂ (Leboncoin), ಸಲೊಜೇ (SeLoger) ಸೈಟುಗಳಿವೆ, ಬ್ರೋಕರ್ ಇಲ್ದೆ ಬೇಕು ಅಂದ್ರೆ ಪಿಎಪಿ (PAP).

ಬಿಲ್ಡಿಂಗ್ ನೋಡೋದು ಹೇಗೆ

ಹಳೇ ಮಾರ್ಸೇಯ ಮನೆ ಅಂದ್ರೆ "ತ್ರ್ವಾ ಫ್ನೆತ್ರ್", ಪ್ರತಿ ಫ್ಲೋರಲ್ಲೂ ರಸ್ತೆ ಕಡೆ ಮೂರು ಕಿಟಕಿ, ಏಳು ಮೀಟರ್ ಆಸುಪಾಸು ಅಗಲ, ನಾಲ್ಕೈದು ಫ್ಲೋರ್, ಲಿಫ್ಟ್ ಇರಲ್ಲ. ಒಳಗೆ ನೆಲ ಪೂರ್ತಿ ಮರದ ತೊಲೆ ಮೇಲೆ ನಿಂತಿರೋದು, ತೊಲೆ ಎರಡು ಕಡೆ ಗೋಡೆಗೆ ಕೂತಿರತ್ತೆ, ಪಕ್ಕದ ಮನೆಗೂ ಅದೇ ಗೋಡೆ. ಛಾವಣಿಗೆ ಅರ್ಧ ಕೊಳವೆ ಥರದ ಹೆಂಚು, ನಮ್ಮ ಮಲೆನಾಡಿನ ನಾಡಹೆಂಚು ನೋಡಿರೋರಿಗೆ ಇದರ ಕಥೆ ಹೇಳ್ಬೇಕಾಗಿಲ್ಲ: ಒಂದು ಹೆಂಚು ಜರುಗಿದ್ರೆ ನೀರು ಎಲ್ಲಿ ಇಳಿಯತ್ತೆ ಅಂತ ಹೇಳೋಕಾಗಲ್ಲ, ಇಲ್ಲಿ ಮಿಸ್ತ್ರಾಲ್ ಗಾಳಿ ಬೀಸಿದಾಗ ಹೆಂಚು ಜರುಗೋದು ಮಾಮೂಲಿ. ನೀರು ತೊಲೆಯ ತುದಿಗೆ, ಗೋಡೆ ಒಳಗೆ ಕೂತಿರೋ ಭಾಗಕ್ಕೆ ಇಳಿದ್ರೆ ಅಲ್ಲಿ ಮರ ಕೊಳೀತಾ ಹೋಗತ್ತೆ, ಮೇಲಿಂದ ಏನೂ ಕಾಣಲ್ಲ. ಆಮೇಲೆ ತೊಲೆ ಬಾಗ್ತಾ ಬಾಗ್ತಾ ಭಾರ ಎಲ್ಲ ರೂಮ್ ಮಧ್ಯದ ತೆಳು ಗೋಡೆ ಮೇಲೆ ಬೀಳತ್ತೆ, ಅದು ಬರೀ ಅಡ್ಡಗೋಡೆ ಅಂತ ತಿಳ್ಕೊಂಡು ಕೆಳಗಿನ ಫ್ಲೋರಿನೋರು ರಿನೊವೇಷನ್ ಅಂತ ಒಡೆದ್ರೆ ಮುಗೀತು.

ಹೀಗಾಗಿ ಕೆಳಗಿಂದ ಶುರು ಮಾಡಿ. ನೆಲಮಾಳಿಗೆ, ಅಂದ್ರೆ ಕಾವ್, ಇದ್ರೆ ಬೀಗ ತೆಗ್ಸಿ ಇಳಿದು ನೋಡಿ, ಒದ್ದೆ ವಾಸನೆ, ನೀರು ನಿಂತ ಗುರುತು, ಕಬ್ಬಿಣದ ಆಧಾರ ಕಂಬ ಕೊಟ್ಟಿದಾರಾ. ಮೆಟ್ಟಿಲು ಗೋಡೆ ಕಡೆಯಿಂದ ಬಿಟ್ಕೊಂಡಿದೆಯಾ. ಬಾಗಿಲು ಕಿಟಕಿ ಚೌಕಟ್ಟು ಓರೆ ಆಗಿ, ಬಾಗಿಲು ಹಾಕೋಕೆ ಒದೀಬೇಕಾಗತ್ತಾ. ಬಿರುಕು ಎಲ್ಲಾ ಹಳೇ ಮನೇಲೂ ಇರತ್ತೆ, ಕೂದಲೆಳೆಯಂಥದ್ದಕ್ಕೆ ಹೆದರ್ಬೇಡಿ, ಓರೆಯಾಗಿ ಹೋಗಿರೋದು, ಬೆರಳ ತುದಿ ಸೇರೋ ಅಷ್ಟು ಅಗಲ ಇರೋದು, ಮೇಲೆ ಗಾಜಿನ ಚೂರು ಅಥವಾ ಅಳತೆ ಪಟ್ಟಿ ಅಂಟಿಸಿರೋದು ಕಂಡ್ರೆ ಯಾರೋ ಅದನ್ನ ಗಮನಿಸ್ತಾ ಇದಾರೆ ಅಂತ ಅರ್ಥ, ಯಾಕೆ ಅಂತ ಕೇಳಿ. ಕೆಂಪು ಆರುಮೂಲೆ ಟೈಲ್ಸ್, ತೊಮೆತ್ ಅಂತಾರೆ, ನೋಡೋಕೆ ಬಹಳ ಚಂದ, ಅದರ ಮೇಲೆ ಒಂದು ಗೋಲಿ ಬಿಟ್ಟು ನೋಡಿ ಎಷ್ಟು ಜೋರಾಗಿ ಓಡತ್ತೆ ಅಂತ. ಕೊನೇ ಫ್ಲೋರ್ ಆದ್ರೆ ಸೀಲಿಂಗ್ ಮೂಲೆ ನೋಡಿ, ಬರೀ ಅಲ್ಲಿಗೆ ಮಾತ್ರ ಹೊಸ ಪೇಂಟ್ ಹಾಕಿದ್ರೆ ಅನುಮಾನ ಪಡಿ, ಮತ್ತೆ ಜುಲೈಲಿ ಹೆಂಚಿನ ಕೆಳಗಿನ ರೂಮು ಓವನ್ ಥರ ಆಗತ್ತೆ ಅನ್ನೋದನ್ನ ಲೆಕ್ಕಕ್ಕೆ ತಗೊಳ್ಳಿ. ಗ್ರೌಂಡ್ ಫ್ಲೋರಲ್ಲಿ ತೇವ, ಇಲಿ. ತಿಗಣೆ ಎಲ್ಲಿ ಬೇಕಾದ್ರೂ ಇರಬಹುದು, ಫ್ರಾನ್ಸ್ ಅಂತ ಸುಮ್ನೆ ಇರ್ಬೇಡಿ. ಗ್ಯಾಸ್ ಲೈನ್ ಇದ್ರೆ ಅದರ ರಿಪೋರ್ಟ್ ಸರಿಯಾಗಿ ಓದಿ, 2023ರ ಏಪ್ರಿಲಲ್ಲಿ ರ‍್ಯೂ ದ ತಿವೊಲಿಯಲ್ಲಿ ಸ್ಫೋಟ ಆಗಿ ಅಲ್ಲೂ ಎಂಟು ಜನ ಹೋದ್ರು.

ಒಂದು ಮಾತು: ಮಳೆ ಬಂದ ಮಾರನೇ ದಿನ ಎರಡನೇ ಸಲ ನೋಡೋಕೆ ಹೋಗಿ. ಇಲ್ಲಿ ಮಳೆ ಅಪರೂಪ, ಬಂದ್ರೆ ಶರತ್ಕಾಲದಲ್ಲಿ ಒಂದೇ ಸಲ ಸುರಿಯತ್ತೆ, ಸೋರೋ ಮನೆ ಅವತ್ತು ಸುಳ್ಳು ಹೇಳಲ್ಲ.

ಪೇಪರ್‌ಗಳು

ಬಿಲ್ಡಿಂಗನ್ನ ನೋಡ್ಕೊಳ್ಳೋದು ಓನರ್‌ಗಳ ಒಕ್ಕೂಟ, ಕೊಪ್ರೊಪ್ರಿಯೇತೇ ಅಂತಾರೆ, ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಇದ್ದಂಗೆ, ಅದರ ಮ್ಯಾನೇಜರ್ ಸಿಂಡಿಕ್. ಕೊನೇ ಮೂರು ವರ್ಷದ ಮೀಟಿಂಗ್ ನಡಾವಳಿ, ಪಿವಿ ಅಂತಾರೆ, ಸೇಲ್ ಅಗ್ರಿಮೆಂಟ್ ಜೊತೆ ಕೊಡಲೇಬೇಕು, ಆದ್ರೆ ಅಲ್ಲಿವರೆಗೂ ಕಾಯ್ಬೇಡಿ, ಆಫರ್ ಹಾಕೋ ಮುಂಚೇನೇ ಕೇಳಿ, ಕೊಡೋಕೆ ಹಿಂದೆ ಮುಂದೆ ನೋಡಿದ್ರೆ ನಮಸ್ಕಾರ ಹೇಳಿ ಬಂದುಬಿಡಿ. ಫ್ರೆಂಚ್ ಬರದೇ ಇದ್ರೆ ಟ್ರಾನ್ಸ್‌ಲೇಟರ್ ಆಪಲ್ಲಿ ಹಾಕಿ ಆದ್ರೂ ಪೂರ್ತಿ ಓದಿ. ಹುಡುಕ್ಬೇಕಾಗಿರೋದು: ನೀರು ಸೋರಿಕೆ, ಬಿರುಕು, ತೊಲೆ, ಛಾವಣಿ, ಯಾವುದಾದ್ರೂ ಕೆಲಸ ಪ್ರತಿವರ್ಷ ಅಜೆಂಡಾಗೆ ಬಂದು ಪ್ರತಿವರ್ಷ ವೋಟಲ್ಲಿ ಬಿದ್ದುಹೋಗಿದೆಯಾ. ನಾನು ಓದಿರೋ ಒಂದು ಪಿವೀಲಿ ಛಾವಣಿ ರಿಪೇರಿ ಹೀಗೇ ವರ್ಷ ವರ್ಷ ಮುಂದಕ್ಕೆ ಹೋಗಿತ್ತು, ಅದೇ ಬಿಲ್ಡಿಂಗಿನ ಕೊನೇ ಫ್ಲೋರ್ ಸ್ಟೂಡಿಯೋ "ಪೂರ್ತಿ ರಿನೊವೇಟೆಡ್" ಅಂತ ಮಾರಾಟಕ್ಕಿತ್ತು.

ಮೇಂಟೆನೆನ್ಸ್ ಕಟ್ಟದೇ ಇರೋರು ಎಷ್ಟು ಜನ ಅಂತನೂ ನೋಡಿ. 25 ಪರ್ಸೆಂಟಿಗಿಂತ ಬಾಕಿ ಜಾಸ್ತಿ ಆದ್ರೆ ಕೋರ್ಟು ಬೇರೆ ಒಬ್ಬರನ್ನ ನೇಮಕ ಮಾಡೋ ಹಂತಕ್ಕೆ ಹೋಗತ್ತೆ, ಅಂಥ ಬಿಲ್ಡಿಂಗಲ್ಲಿ ಛಾವಣಿ ರಿಪೇರಿಗೆ ದುಡ್ಡು ಹುಟ್ಟಲ್ಲ. ಹದಿನೈದು ವರ್ಷ ಮೀರಿದ ಬಿಲ್ಡಿಂಗಿಗೆ ಹತ್ತು ವರ್ಷದ ರಿಪೇರಿ ಪ್ಲ್ಯಾನ್ ಇರ್ಬೇಕು ಅಂತ ರೂಲ್ ಬಂದಿದೆ, 2025ರಿಂದ ಸಣ್ಣ ಬಿಲ್ಡಿಂಗಿಗೂ. ಇದೆಯಾ ಕೇಳಿ. ಹಾಗೇ ಮಾರ್ಸೇ ಮುನ್ಸಿಪಾಲಿಟಿ ಸೈಟಲ್ಲಿ ಅಪಾಯದ ನೋಟಿಸ್ ಆಗಿರೋ ಬಿಲ್ಡಿಂಗ್‌ಗಳ ಆರ್ಡರ್ ರಸ್ತೆ ಪ್ರಕಾರ ಹಾಕಿರ್ತಾರೆ, ನಿಮ್ಮ ನಂಬರ್ ಜೊತೆ ಅಕ್ಕಪಕ್ಕದ ಎರಡು ನಂಬರೂ ಹುಡುಕಿ, ಗೋಡೆ ಒಂದೇ ಅಂತ ಆಗ್ಲೇ ಹೇಳಿದ್ನಲ್ಲ.

ಇನ್ನು ಸೈಜು. ಬಾಡಿಗೆ ಕೊಡ್ಬೇಕು ಅಂದ್ರೆ ಕನಿಷ್ಠ 9 ಚದರ ಮೀಟರ್, 2.20 ಮೀಟರ್ ಎತ್ತರ ಇರೋ ಮುಖ್ಯ ರೂಮು ಬೇಕು, ಇಲ್ಲಾಂದ್ರೆ 20 ಘನ ಮೀಟರ್. ಮಾರೋವಾಗ ಕಾರೇ ಅನ್ನೋ ಕಾನೂನಿನ ಪ್ರಕಾರ ಅಳತೆ ಹೇಳ್ಬೇಕು, 1.80 ಮೀಟರಿಗಿಂತ ತಗ್ಗಿರೋ ಜಾಗ ಲೆಕ್ಕಕ್ಕಿಲ್ಲ, ಹಾಗಾಗಿ ಮೆಜ್ಜನೈನ್ (ರೂಮೊಳಗಿನ ಅಟ್ಟ) ಮೇಲೆ ಹಾಸಿಗೆ ಹಾಕಿ "25 ಚದರ ಮೀಟರ್" ಅಂದ್ರೆ ಕಾರೇ ಎಷ್ಟು ಅಂತ ಕೇಳಿ. ನಿಜವಾದ ಅಳತೆ 5 ಪರ್ಸೆಂಟಿಗಿಂತ ಜಾಸ್ತಿ ಕಡಿಮೆ ಬಂದ್ರೆ ಡೀಡ್ ಆದ ಒಂದು ವರ್ಷದೊಳಗೆ ಅಷ್ಟು ದುಡ್ಡು ವಾಪಸ್ ಕೇಳ್ಬಹುದು, ಸಣ್ಣ ರೂಮಲ್ಲಿ ಒಂದು ಚದರ ಮೀಟರ್ ತಪ್ಪಾದ್ರೂ 5 ಪರ್ಸೆಂಟ್ ದಾಟತ್ತೆ, ಟೇಪ್ ತಗೊಂಡು ಹೋಗಿ. ಇನ್ನೊಂದು, ಬಿಲ್ಡಿಂಗಿನ ಮೂಲ ಪತ್ರದಲ್ಲಿ ಆ ಲಾಟ್ ವಾಸದ ಮನೆ ಅಂತ ಇದೆಯಾ, ಅಥವಾ ಗೋಡೌನು, ಅಂಗಡಿ, ಅಟ್ಟ ಅಂತ ಇದೆಯಾ ನೋಡಿ. ಒಂದು ಮನೇನ ಎರಡು ಮೂರು ಸ್ಟೂಡಿಯೋ ಮಾಡಿ ಮಾರೋದು ಬೇಕಾದಷ್ಟು ನಡಿಯತ್ತೆ, 14 ಚದರ ಮೀಟರಿಗಿಂತ ಚಿಕ್ಕದಾಗಿ ಹಾಗೆ ಒಡೆಯೋದನ್ನ ಕಾನೂನು ಒಪ್ಪಲ್ಲ. ಕರೆಂಟ್ ಮೀಟರ್ ಬೇರೆ ಇದೆಯಾ ಅನ್ನೋದೊಂದು ಸುಲಭದ ಸುಳಿವು.

ಎನರ್ಜಿ ಗ್ರೇಡ್, ಡಿಪಿಇ, ಎ ಇಂದ ಜಿ ವರೆಗೆ. ಜಿ ಬಂದಿರೋದನ್ನ 2025ರ ಜನವರಿಯಿಂದ ಹೊಸದಾಗಿ ಬಾಡಿಗೆಗೆ ಕೊಡೋ ಹಾಗಿಲ್ಲ, ಎಫ್ 2028ರಿಂದ, ಇ 2034ರಿಂದ. 40 ಚದರ ಮೀಟರಿಗಿಂತ ಸಣ್ಣ ಮನೆಗಳಿಗೆ 2024ರ ಜುಲೈಯಲ್ಲಿ ಲೆಕ್ಕ ಸಡಿಲ ಮಾಡಿದ್ರು, ಕರೆಂಟ್ ಹೀಟರ್ ಇರೋ ಮನೆಗಳಿಗೆ 2026ರ ಜನವರಿಯಿಂದ ಇನ್ನೂ ಸಡಿಲ ಆಗಿದೆ. ಇದರಿಂದ ಒಂದು ಲಾಭ ಇದೆ, ಹಳೇ ಸರ್ಟಿಫಿಕೇಟಲ್ಲಿ ಜಿ ಅಂತ ಇದ್ದು ಬೆಲೆ ಇಳಿಸಿರೋ ಸ್ಟೂಡಿಯೋ ಹೊಸ ಲೆಕ್ಕದಲ್ಲಿ ಎಫ್ ಅಥವಾ ಇ ಆಗಬಹುದು. ಸೀಸ, ಕಲ್ನಾರು, ಗೆದ್ದಲು, ವೈರಿಂಗ್ ರಿಪೋರ್ಟ್‌ಗಳೂ ಬರ್ತವೆ, ಮಾರ್ಸೇಯಲ್ಲಿ ಗೆದ್ದಲಿನ ರಿಪೋರ್ಟ್ ಮಾತ್ರ ಎರಡು ಸಲ ಓದಿ.

ಅಗ್ರಿಮೆಂಟಿಂದ ಕೀ ವರೆಗೆ

ಆಫರ್ ಒಪ್ಪಿದ್ಮೇಲೆ ಕೋಂಪ್ರೊಮಿ, ಅಂದ್ರೆ ಸೇಲ್ ಅಗ್ರಿಮೆಂಟ್. ಇದನ್ನ ನೊತೇರ್ ಹತ್ರ ಮಾಡಿಸಿ. ನೊತೇರ್ ಅಂದ್ರೆ ನಮ್ಮೂರಲ್ಲಿ ಸ್ಟ್ಯಾಂಪ್ ಪೇಪರ್ ಮೇಲೆ ಸೀಲ್ ಒತ್ತೋ ನೋಟರಿ ಅಲ್ಲ, ಸಬ್ ರಿಜಿಸ್ಟ್ರಾರು, ಲಾಯರು ಇಬ್ಬರ ಕೆಲಸನೂ ಇವರದ್ದೇ, ಟೈಟಲ್ ಚೆಕ್, ಸಾಲ ಇದೆಯಾ, ಮುನ್ಸಿಪಾಲಿಟಿ ತಾನೇ ತಗೊಳ್ಳೋ ಹಕ್ಕು ಚಲಾಯಿಸತ್ತಾ, ಎಲ್ಲ ಇವರೇ ಕೇಳ್ತಾರೆ, ಮುನ್ಸಿಪಾಲಿಟಿಗೆ ಉತ್ತರಕ್ಕೆ ಎರಡು ತಿಂಗಳು ಟೈಮ್ ಇದೆ, ಅದಕ್ಕೇ ಎಲ್ಲ ಮುಗಿಯೋಕೆ ಮೂರು ತಿಂಗಳು ಹಿಡಿಯೋದು. ಮಾರೋರ ನೊತೇರ್ ಒಬ್ಬರೇ ಸಾಕು ಅಂತ ಬ್ರೋಕರ್ ಹೇಳ್ತಾರೆ, ನಿಮ್ಮ ಕಡೆಯಿಂದ ಇನ್ನೊಬ್ಬರನ್ನ ಇಟ್ಕೊಂಡ್ರೂ ಫೀಸು ಅದೇ, ಅವರಿಬ್ಬರು ಹಂಚ್ಕೊಳ್ತಾರೆ ಅಷ್ಟೇ, ಇಟ್ಕೊಳ್ಳಿ.

ಅಗ್ರಿಮೆಂಟಲ್ಲಿ ನೀವು ಹಟ ಹಿಡಿದು ಹಾಕಿಸ್ಬೇಕಾದ ಸಾಲು ಒಂದಿದೆ. ಮೀಟಿಂಗಲ್ಲಿ ಆಗ್ಲೇ ವೋಟ್ ಆಗಿರೋ ರಿಪೇರಿ ದುಡ್ಡು, ಬಿಲ್ ಯಾವಾಗ ಬಂದ್ರೂ, ಮಾರೋರದ್ದೇ ಅಂತ. ಇದನ್ನ ಬರೀದೇ ಹೋದ್ರೆ ಕಂತು ಕಟ್ಟೋ ದಿನ ಯಾರು ಓನರ್ರೋ ಸಿಂಡಿಕ್ ಅವರನ್ನೇ ಕೇಳೋದು, ಅಂದ್ರೆ ನಿಮ್ಮನ್ನ. ಛಾವಣಿ ಅಥವಾ ಮುಂಭಾಗದ ಕೆಲಸ ಅಂದ್ರೆ ಸಾವಿರಗಟ್ಟಲೆ ಯೂರೋ. ಲೋನ್ ತಗೊಳ್ತಿದ್ರೆ ಲೋನ್ ಸಿಗದಿದ್ರೆ ಡೀಲ್ ರದ್ದು ಅನ್ನೋ ಷರತ್ತು, ಅದಕ್ಕೆ ಕನಿಷ್ಠ ಒಂದು ತಿಂಗಳು, ಎರಡು ತಿಂಗಳು ಕೇಳಿ. ಬ್ಯಾಂಕು ಸಾಮಾನ್ಯವಾಗಿ ಆದಾಯದ 35 ಪರ್ಸೆಂಟ್ ಇಎಂಐ, 25 ವರ್ಷ ಮೀರಲ್ಲ, ತೀರಾ ಸಣ್ಣ ರೂಮಿಗೆ ಮೂಗು ಮುರಿಯೋ ಬ್ಯಾಂಕುಗಳೂ ಇವೆ.

ಸಹಿ ಆದ್ಮೇಲೆ ತಗೊಳ್ಳೋರಿಗೆ ಹತ್ತು ದಿನ ಟೈಮ್, ಕಾರಣ ಹೇಳ್ದೆ ವಾಪಸ್ ಹೋಗ್ಬಹುದು, ಮಾರೋರಿಗೆ ಈ ಹಕ್ಕಿಲ್ಲ. ಅಡ್ವಾನ್ಸ್ 5ರಿಂದ 10 ಪರ್ಸೆಂಟ್ ನೊತೇರ್ ಅಕೌಂಟಲ್ಲೇ ಇರತ್ತೆ, ಬ್ರೋಕರ್ ಕೈಗಾಗ್ಲಿ ಓನರ್ ಕೈಗಾಗ್ಲಿ ಒಂದು ಯೂರೋನೂ ಕೊಡ್ಬೇಡಿ. ಅಕೌಂಟ್ ನಂಬರ್ ಇಮೇಲಲ್ಲಿ ಬಂದ್ರೆ, ಅಥವಾ ಮಧ್ಯದಲ್ಲಿ "ಅಕೌಂಟ್ ಬದಲಾಗಿದೆ" ಅಂತ ಮೇಲ್ ಬಂದ್ರೆ, ನಿಮ್ಮ ಹತ್ರ ಮೊದ್ಲೇ ಇರೋ ಆಫೀಸ್ ನಂಬರಿಗೆ ಫೋನ್ ಮಾಡಿ ಕನ್ಫರ್ಮ್ ಮಾಡ್ಕೊಂಡೇ ಕಳಿಸಿ, ಮೇಲ್ ಹ್ಯಾಕ್ ಮಾಡಿ ಪೂರ್ತಿ ದುಡ್ಡು ಹೊಡೆಯೋ ಗ್ಯಾಂಗ್‌ಗಳಿವೆ.

ರಿಜಿಸ್ಟ್ರೇಷನ್ ಖರ್ಚು ಹಳೇ ಮನೆಗೆ ಎಂಟು ಪರ್ಸೆಂಟ್ ಆಸುಪಾಸು ಇಟ್ಕೊಳ್ಳಿ, ಬೆಲೆ ಸಣ್ಣದಾದಷ್ಟೂ ಪರ್ಸೆಂಟ್ ಸ್ವಲ್ಪ ಮೇಲೇ ಹೋಗತ್ತೆ, ಅದರಲ್ಲಿ ಬಹುಪಾಲು ಟ್ಯಾಕ್ಸೇ. ಇಲ್ಲೊಂದು ಉಳಿತಾಯ ಇದೆ: ಬ್ರೋಕರ್ ಕಮಿಷನ್ ತಗೊಳ್ಳೋರ ಲೆಕ್ಕಕ್ಕೆ ಅಂತ ಬರ್ಸಿದ್ರೆ ಟ್ಯಾಕ್ಸ್ ಬೀಳೋದು ಉಳಿದ ಬೆಲೆ ಮೇಲೆ ಮಾತ್ರ. ಫ್ರಿಜ್ಜು, ಸೋಫಾ, ಓವನ್ ಎಲ್ಲ ಬಿಟ್ಟುಹೋಗ್ತಿದ್ರೆ ಅದರ ನ್ಯಾಯವಾದ ಬೆಲೆ ಪಟ್ಟಿ ಮಾಡಿ ಬೇರೆ ತೋರಿಸ್ಬಹುದು, ಹಳೇ ಸೋಫಾಗೆ ಎರಡು ಸಾವಿರ ಅಂತ ಬರೀಬೇಡಿ ಮತ್ತೆ.

ಗಂಡ ಹೆಂಡತಿ ಇಬ್ಬರಿದ್ರೆ ನೊತೇರ್ ನಿಮ್ಮ ಮದುವೆ ಯಾವ ಆಸ್ತಿ ಪದ್ಧತಿ ಅಂತ ಕೇಳ್ತಾರೆ, ನಮ್ಮೋರು ಅಲ್ಲೇ ಕಕ್ಕಾಬಿಕ್ಕಿ. ಮೈಸೂರಲ್ಲಿ ಮದುವೆ ಆಗಿದೆ ಅಂದ ಮಾತ್ರಕ್ಕೆ ಮುಗೀಲಿಲ್ಲ, 2019ರ ಜನವರಿ 29ರ ನಂತರ ಮದುವೆ ಆಗಿ ಮೊದಲ ಸಂಸಾರ ಫ್ರಾನ್ಸಲ್ಲೇ ಹೂಡಿದ್ರೆ ಸಾಮಾನ್ಯವಾಗಿ ಇಲ್ಲಿನ ಕಾನೂನು ಅನ್ವಯ, ಮದುವೆ ನಂತರ ತಗೊಂಡಿದ್ದು ಇಬ್ಬರದ್ದೂ. ಬರ್ತ್ ಸರ್ಟಿಫಿಕೇಟ್, ಮ್ಯಾರೇಜ್ ಸರ್ಟಿಫಿಕೇಟ್ ಅಪೋಸ್ಟಿಲ್ (ವಿದೇಶದಲ್ಲೂ ಒಪ್ಪೋ ಸರ್ಕಾರಿ ದೃಢೀಕರಣ) ಮಾಡ್ಸಿ ಫ್ರೆಂಚ್ ಅನುವಾದ ಮೊದ್ಲೇ ರೆಡಿ ಇಡಿ. ಫ್ರೆಂಚ್ ಅರ್ಥ ಆಗ್ದೇ ಇದ್ರೆ ಸಹಿ ದಿನ ದುಭಾಷಿ ಬೇಕು, ಅವರ ಫೀಸು ನಿಮ್ಮದು.

ದುಡ್ಡು ಊರಿಂದ ಬರೋದಾದ್ರೆ

ಇಂಡಿಯಾದಲ್ಲಿರೋ ಅಪ್ಪ ಅಮ್ಮ ಓನರ್ ಆಗಿ ದುಡ್ಡು ಹಾಕೋದಾದ್ರೆ, ವಿದೇಶಕ್ಕೆ ದುಡ್ಡು ಕಳಿಸೋ ಆರ್‌ಬಿಐ ಸ್ಕೀಮ್ ಆದ ಎಲ್‌ಆರ್‌ಎಸ್ ಪ್ರಕಾರ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್, 10 ಲಕ್ಷ ರೂಪಾಯಿ ದಾಟಿದ್ದಕ್ಕೆ 20 ಪರ್ಸೆಂಟ್ ಟಿಸಿಎಸ್, ಅಂದ್ರೆ ಮುಂಚೇನೇ ವಸೂಲಿ ಮಾಡೋ ಟ್ಯಾಕ್ಸ್, ಹಿಡೀತಾರೆ, ರಿಟರ್ನ್ ಹಾಕುವಾಗ ಅಡ್ಜಸ್ಟ್ ಆಗತ್ತೆ ಆದ್ರೆ ಅಲ್ಲಿವರೆಗೂ ಆ ದುಡ್ಡು ಸಿಕ್ಕಾಕೊಂಡಿರತ್ತೆ. ನೊತೇರ್ ದುಡ್ಡಿನ ಮೂಲ ಕೇಳೇ ಕೇಳ್ತಾರೆ, ಸೈಟ್ ಮಾರಿದ್ದು ಅಂದ್ರೆ ಸೇಲ್ ಡೀಡ್ ತೋರಿಸ್ಬೇಕು. ನೀವು ಇಲ್ಲಿದ್ದು ಇಲ್ಲೇ ದುಡಿದ ದುಡ್ಡಲ್ಲಿ ತಗೊಂಡ್ರೆ ಈ ರಗಳೆ ಇಲ್ಲ, ಮುಂದೆ ಬೆಂಗಳೂರಿಗೆ ವಾಪಸ್ ಹೋದ್ರೂ ಆ ಮನೆ ಇಟ್ಕೊಳ್ಳೋಕೆ ಇಂಡಿಯಾದ ವಿದೇಶಿ ವಿನಿಮಯ ಕಾನೂನು ಫೆಮಾ ಬಿಡತ್ತೆ, ಆದ್ರೆ ಅಲ್ಲಿ ಪೂರ್ಣ ರೆಸಿಡೆಂಟ್ ಆದ ವರ್ಷದಿಂದ ಐಟಿ ರಿಟರ್ನಲ್ಲಿ ವಿದೇಶಿ ಆಸ್ತಿ ತೋರ್ಸೋ ಶೆಡ್ಯೂಲ್ ಎಫ್ಎ (FA) ಅಲ್ಲಿ ಕಾಣಿಸ್ಬೇಕು, ಮರೆತ್ರೆ 10 ಲಕ್ಷ ಪೆನಾಲ್ಟಿ ಬೀಳೋ ಕಾನೂನಿದೆ.

ಏರ್‌ಬಿಎನ್‌ಬಿ ಲೆಕ್ಕ ಹಾಕ್ಕೊಂಡು ತಗೊಳ್ಳೋ ಯೋಚನೆ ಇದ್ರೆ ಬಿಟ್ಟುಬಿಡಿ ಅಂತೀನಿ. ವಾಸದ ಮನೇನ ಪೂರ್ತಿ ಟೂರಿಸ್ಟ್ ಬಾಡಿಗೆಗೆ ಬಿಡೋಕೆ ಮಾರ್ಸೇಯಲ್ಲಿ ಪರ್ಮಿಷನ್ ಬೇಕು, ರೂಲ್ಸು ವರ್ಷ ವರ್ಷ ಬಿಗಿ ಆಗ್ತಿದೆ, 2024ರ ನವೆಂಬರಿನ ಕಾನೂನು ಬಂದ್ಮೇಲೆ ಎಷ್ಟೋ ಬಿಲ್ಡಿಂಗಲ್ಲಿ ಓನರ್‌ಗಳೇ ಮೂರನೇ ಎರಡು ಬಹುಮತದಲ್ಲಿ ಬೇಡ ಅನ್ನಬಹುದು. ಸ್ಟೂಡೆಂಟಿಗೆ ಒಂಬತ್ತು ತಿಂಗಳ ಫರ್ನಿಶ್ಡ್ ಅಗ್ರಿಮೆಂಟ್ ಅಂತ ಇದೆ, ಅದೇ ಸರಳ.

ಕೀ ಸಿಕ್ಕ ದಿನವೇ ಇನ್ಶೂರೆನ್ಸ್ ಶುರುವಾಗಿರ್ಬೇಕು, ಖಾಲಿ ಇದ್ರೂ ಕಡ್ಡಾಯ. ಆಸ್ತಿ ತೆರಿಗೆ ಜನವರಿ 1ಕ್ಕೆ ಯಾರು ಓನರ್ರೋ ಅವರ ಹೆಸರಿಗೆ ಬರತ್ತೆ, ಆ ವರ್ಷದ್ದು ನಿಮ್ಮ ಪಾಲು ಡೀಡ್ ದಿನ ಮಾರೋರಿಗೆ ಕೊಡ್ತೀರ. ಮನೇಲಿ ಯಾರು ಇರೋದು, ನೀವೋ ಬಾಡಿಗೆಯೋರೋ ಅಂತ ಟ್ಯಾಕ್ಸ್ ಸೈಟಲ್ಲಿ ಜೂನ್ 30ರೊಳಗೆ ಹೇಳ್ಬೇಕು, ಇಲ್ಲಾಂದ್ರೆ ಅದನ್ನ ನಿಮ್ಮ ಎರಡನೇ ಮನೆ ಅಂತ ತಿಳ್ಕೊಂಡು ಬೇರೆ ಒಂದು ಟ್ಯಾಕ್ಸ್ ಬಿಲ್ಲೂ ಕಳಿಸಬಹುದು. ಸಿಂಡಿಕ್‌ಗೆ ನಿಮ್ಮ ಇಮೇಲ್ ಕೊಟ್ಟು ಮುಂದಿನ ಮೀಟಿಂಗ್ ಯಾವತ್ತು ಅಂತ ಕೇಳ್ಕೊಳ್ಳಿ, ಹೋಗೋಕೆ ಆಗಲ್ಲ ಅಂದ್ರೆ ಪೋಸ್ಟಲ್ ವೋಟ್ ಹಾಕಿ, ಛಾವಣಿ ರಿಪೇರಿ ಅಜೆಂಡಾದಲ್ಲಿ ಇದ್ರೆ ಹೌದು ಅಂತ ಟಿಕ್ ಮಾಡಿ ಕಳಿಸಿ.